ಮೈನಸ್ 40 ಡಿಗ್ರೀಲಿ ಹುಳ ಹೆಂಗೆ ಬದುಕತ್ತೆ? ಪದೇ ಪದೇ ಕೇಳೋ ಪ್ರಶ್ನೆಗಳು

ಲಾಲ್‌ಬಾಗ್, ಜಿಕೆವಿಕೆ (ಬೆಂಗಳೂರಿನ ಕೃಷಿ ವಿವಿ ಕ್ಯಾಂಪಸ್) ಕಡೆ ಮಕ್ಕಳನ್ನ ಕರ್ಕೊಂಡು ಹುಳ ಹುಪ್ಪಟೆ ನೋಡೋಕೆ ಹೋದಾಗೆಲ್ಲ ಮಾತು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲತ್ತೆ, ಹಿಮ ಬೀಳೋ ಊರಲ್ಲಿ ಇವೆಲ್ಲ ಎಲ್ಲಿಗೆ ಹೋಗ್ತವೆ, ಸತ್ತೋಗ್ತವಾ, ಸತ್ರೆ ಮುಂದಿನ ವರ್ಷ ಎಲ್ಲಿಂದ ಬರ್ತವೆ ಅಂತ. ಮಕ್ಕಳಿಗಿಂತ ಜಾಸ್ತಿ ಅಪ್ಪ ಅಮ್ಮಂದಿರೇ ಕೇಳ್ತಾರೆ. ಕನ್ನಡದಲ್ಲಿ ಒಂದೇ ಕಡೆ ಓದೋಕೆ ಸಿಗ್ಲಿ ಅಂತ ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದೀನಿ. ಓದೋಕೆ ಮುಂಚೆ ಒಂದು ವಿಷಯ ತಲೇಲಿ ಇಟ್ಕೊಳ್ಳಿ, ಹುಳದ ಪಾಲಿಗೆ ಚಳಿಗಾಲ ಅಂದ್ರೆ ಬರಗಾಲ. ಕೆಳಗೆ ಯಾವ ಉತ್ತರ ಓದಿದ್ರೂ ಕೊನೆಗೆ ಮಾತು ನೀರಿಗೇ ಬರತ್ತೆ.

ಹುಳಕ್ಕೆ ಮೈ ಬಿಸಿ ಇರಲ್ವಾ?

ಬಹುಪಾಲು ಹುಳಕ್ಕೆ ಇಲ್ಲ, ಹೊರಗಡೆ ಎಷ್ಟು ಟೆಂಪರೇಚರ್ ಇದ್ಯೋ ಮೈಯೂ ಹೆಚ್ಚುಕಡಿಮೆ ಅಷ್ಟೇ. ಜೇನು ಒಂದು ಅಪವಾದ. ಯುರೋಪಿನ ಜೇನುಹುಳಗಳು ಚಳೀಲಿ ಗೂಡೊಳಗೆ ಒತ್ತೊತ್ತಾಗಿ ಗುಂಪು ಕಟ್ಕೊಂಡು, ರೆಕ್ಕೆ ಆಡಿಸದೇನೇ ಹಾರೋ ಸ್ನಾಯು ಮಾತ್ರ ಅದುರಿಸಿ ಬಿಸಿ ಹುಟ್ಟಿಸ್ತವೆ, ಮರಿ ಇದ್ರೆ ಗುಂಪಿನ ನಡುಭಾಗ 35 ಡಿಗ್ರಿ ಹತ್ತಿರ ಇರತ್ತೆ. ಅದಕ್ಕೆ ಖರ್ಚಾಗೋದು ಕೂಡಿಟ್ಟ ಜೇನುತುಪ್ಪ. ಒಂಟಿ ಹುಳಕ್ಕೆ ಆ ಸೌಕರ್ಯ ಇಲ್ಲ.

ನಮ್ಮೂರ ಸೊಳ್ಳೆ, ಜಿರಲೇನ ಜನವರೀಲಿ ಮನಾಲಿಗೆ ತಗೊಂಡೋಗಿ ಬಿಟ್ರೆ ಐಸ್ ಆಗಿ ಸಾಯತ್ತಾ?

ಸಾಯತ್ತೆ, ಆದ್ರೆ ಐಸ್ ಆಗೋವರೆಗೂ ಕಾಯೋದೇನೂ ಬೇಡ. ಬೆಂಗಳೂರಲ್ಲಿ ಇಲ್ಲಿವರೆಗೆ ದಾಖಲಾಗಿರೋ ಅತಿ ಕಡಿಮೆ ಟೆಂಪರೇಚರ್ 7.8 ಡಿಗ್ರಿ, ಅದೂ 1884ರ ಜನವರೀಲಿ, ಅಂದ್ರೆ ಇಲ್ಲಿನ ಹುಳಕ್ಕೆ ಸೊನ್ನೆ ಅನ್ನೋದು ಗೊತ್ತೇ ಇಲ್ಲ. ಬಿಸಿ ದೇಶದ ಹುಳಗಳು ಸುಮಾರು 5ರಿಂದ 10 ಡಿಗ್ರಿ ಹತ್ತಿರ ಬಂದ್ರೇ ಮರಗಟ್ಟಿ ಬಿದ್ದೋಗ್ತವೆ, ಇದಕ್ಕೆ ಚಿಲ್ ಕೋಮಾ ಅಂತಾರೆ.

ಒಳಗೆ ಆಗೋದು ಇಷ್ಟು. ಅನೇಕ ಹುಳಗಳ ರಕ್ತದಲ್ಲಿ ಸೋಡಿಯಂ ಜಾಸ್ತಿ, ಸೆಲ್ ಒಳಗೆ ಪೊಟ್ಯಾಸಿಯಂ ಜಾಸ್ತಿ, ಈ ವ್ಯತ್ಯಾಸ ಉಳಿಸೋಕೆ ಸೆಲ್‌ಗಳಲ್ಲಿ ಪಂಪ್ ಥರ ಕೆಲಸ ಮಾಡೋ ಪ್ರೋಟೀನ್‌ಗಳು ಹಗಲೂ ರಾತ್ರಿ ದುಡೀತಾ ಇರ್ತವೆ. ಚಳಿ ಬಂದ್ರೆ ಅವು ನಿಧಾನ ಆಗ್ತವೆ, ಸೋರಿಕೆ ಮಾತ್ರ ನಿಲ್ಲಲ್ಲ. ಸೋಡಿಯಂ ರಕ್ತದಿಂದ ಕರುಳಿನ ಕಡೆ ಸೋರತ್ತೆ, ಅದರ ಹಿಂದೇನೇ ನೀರೂ ಹೋಗತ್ತೆ, ಉಳಿದ ಸ್ವಲ್ಪ ರಕ್ತದಲ್ಲಿ ಪೊಟ್ಯಾಸಿಯಂ ಏರ್ತಾ ಹೋಗಿ ನರ, ಸ್ನಾಯು ಎರಡೂ ಕೈಕೊಡ್ತವೆ. ಬೇಗ ಬೆಚ್ಚಗಾದ್ರೆ ಎದ್ದು ಓಡತ್ತೆ, ತುಂಬಾ ಹೊತ್ತಾದ್ರೆ ಸ್ನಾಯು ಸೆಲ್‌ಗಳೇ ಸತ್ತೋಗ್ತವೆ. ನೋಡಿ, ಒಂದು ಹನಿ ಐಸ್ ಇಲ್ಲದೇನೇ ನೀರಿನ ಲೆಕ್ಕ ತಪ್ಪಿ ಸಾವು.

ಮೈ ಒಳಗೆ ಐಸ್ ಆದ್ರೆ ಅಷ್ಟೊಂದು ಅಪಾಯ ಯಾಕೆ?

ಐಸ್ ಹರಳು ಕಟ್ಟೋದು ಬರೀ ಶುದ್ಧ ನೀರಿಂದ. ಉಪ್ಪು, ಸಕ್ಕರೆ, ಪ್ರೋಟೀನ್ ಎಲ್ಲಾ ಹೊರಗೇ ಉಳ್ಕೊಳತ್ತೆ. ಹಾಗಾಗಿ ರಕ್ತದಲ್ಲಿ ಐಸ್ ಬೆಳೆದಷ್ಟೂ ಉಳಿದಿರೋ ರಸ ಗಟ್ಟಿ ಆಗ್ತಾ ಹೋಗತ್ತೆ, ಅದು ಪಕ್ಕದ ಸೆಲ್ ಒಳಗಿನ ನೀರನ್ನ ಎಳ್ಕೊಳತ್ತೆ, ಸೆಲ್ ಸುಕ್ಕಾಗತ್ತೆ. ಸುಕ್ಕಾಗೋದಕ್ಕೂ ಒಂದು ಮಿತಿ ಇದೆ, ಅದು ದಾಟಿದ್ರೆ ಸೆಲ್ ಪೊರೆ ಹಾಳು. ಇನ್ನು ಸೆಲ್ ಒಳಗೇ ಹರಳು ಕಟ್ಟಿದ್ರಂತೂ ಸಾಮಾನ್ಯವಾಗಿ ಕಥೆ ಮುಗೀತು.

ಹಾಗಾದ್ರೆ ಚಳಿ ದೇಶದ ಹುಳ ಏನ್ ಮಾಡತ್ತೆ?

ಮುಖ್ಯವಾಗಿ ಎರಡು ದಾರಿ. ಒಂದು, ಎಷ್ಟೇ ಚಳಿ ಆದ್ರೂ ಮೈಯಲ್ಲಿ ಐಸ್ ಆಗೋಕೇ ಬಿಡದೇ ಇರೋದು. ಇನ್ನೊಂದು, ಐಸ್ ಆಗ್ಲಿ ಬಿಡು ಅಂತ ಒಪ್ಕೊಂಡು, ಎಲ್ಲಿ ಆಗ್ಬೇಕು, ಎಷ್ಟು ನಿಧಾನಕ್ಕೆ ಆಗ್ಬೇಕು ಅನ್ನೋದನ್ನ ತಾನೇ ನಿರ್ಧರಿಸೋದು. ಇದನ್ನ ತಿಳ್ಕೊಳ್ಳೋಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಉತ್ತರ ಅಮೆರಿಕದ ಗೋಲ್ಡನ್‌ರಾಡ್ ಅನ್ನೋ ಹಳದಿ ಹೂವಿನ ಗಿಡ, ಯಾಕಂದ್ರೆ ಒಂದೇ ಜಾತಿ ಗಿಡದ ಕಾಂಡದಲ್ಲಿ ಎರಡೂ ದಾರಿಯ ಹುಳ ಸಿಗ್ತವೆ.

ಯೂರೋಸ್ಟಾ ಅನ್ನೋ ನೊಣ ಆ ಕಾಂಡದಲ್ಲಿ ಮೊಟ್ಟೆ ಇಡತ್ತೆ, ಮರಿ ಒಳಗೆ ತಿಂತಾ ಇದ್ದ ಹಾಗೆ ಗಿಡ ಅಲ್ಲಿ ಗುಂಡಗೆ ಒಂದು ಗಂಟು ಬೆಳೆಸತ್ತೆ. ಚಳಿ ಶುರುವಾಗೋಕೆ ಮುಂಚೆ ಆ ಮರಿ ನಡುವಿನಿಂದ ಹೊರಗಡೆಗೆ ಸುರಂಗ ಕೊರ್ಕೊಂಡು ಬಂದು, ಕಾಂಡದ ತೆಳ್ಳನೆ ಸಿಪ್ಪೆ ಮಾತ್ರ ಬಿಟ್ಟು ಮತ್ತೆ ಒಳಗೆ ಹೋಗಿ ಮಲಗತ್ತೆ. ಯಾಕೆ ಅಂದ್ರೆ ವಸಂತದಲ್ಲಿ ಅದು ನೊಣ ಆದ್ಮೇಲೆ ಕಚ್ಚೋ ಬಾಯಿ ಇರಲ್ಲ, ಹಣೆ ಮೇಲಿನ ಒಂದು ಚೀಲಾನ ರಕ್ತ ತುಂಬಿ ಉಬ್ಬಿಸಿ ಆ ಸಿಪ್ಪೇನ ಒಡ್ಕೊಂಡು ಬರ್ಬೇಕು. ಈ ಮರಿ ಚಳೀಲಿ ನಿಜಕ್ಕೂ ಹೆಪ್ಪುಗಟ್ಟತ್ತೆ. ಮೈ ನೀರಿನ ದೊಡ್ಡ ಪಾಲು ಐಸ್, ಆದ್ರೆ ಸೆಲ್‌ಗಳ ಹೊರಗೆ. ಸೆಲ್ ಒಳಗೆ ಗ್ಲಿಸರಾಲ್, ಸಾರ್ಬಿಟಾಲ್ ಅನ್ನೋ ಸಕ್ಕರೆಯಂಥ ವಸ್ತುಗಳು ತುಂಬಿರೋದ್ರಿಂದ ಅದು ಅತಿಯಾಗಿ ಸುಕ್ಕಾಗಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಕರಗಿ ಎದ್ದು ಮುಂದಿನ ಕೆಲಸ ನೋಡ್ಕೊಳತ್ತೆ.

ಅದೇ ಗಿಡದಲ್ಲಿ ಉದ್ದನೆಯ ಕದಿರಿನಾಕಾರದ ಗಂಟಲ್ಲಿ ಎಪಿಬ್ಲೆಮಾ ಅನ್ನೋ ಪತಂಗದ ಮರಿ ಇರತ್ತೆ. ಇದು ಐಸ್ ಆದ್ರೆ ಸತ್ತೋಗತ್ತೆ, ಆದ್ರೆ ಮೈನಸ್ 38 ಡಿಗ್ರಿ ಹತ್ತಿರದವರೆಗೂ ಐಸ್ ಆಗೋದೇ ಇಲ್ಲ. ನಡು ಚಳಿಗಾಲದಲ್ಲಿ ಅದರ ಮೈ ತೂಕದ ಐದನೇ ಒಂದು ಭಾಗದ ಹತ್ತಿರ ಗ್ಲಿಸರಾಲೇ ಇರತ್ತೆ, ಮೆಡಿಕಲ್ ಶಾಪಲ್ಲಿ ಚರ್ಮಕ್ಕೆ ಹಚ್ಚೋಕೆ ಕೊಡೋ ಅದೇ ಗ್ಲಿಸರಿನ್. ಒಂದೇ ಗಿಡ, ಒಂದೇ ಗಾಳಿ, ಒಂದೇ ಹಿಮ, ಎರಡು ಹುಳದ ಉತ್ತರ ಪೂರ್ತಿ ಬೇರೆ.

ಮೈನಸ್ ಡಿಗ್ರೀಲೂ ನೀರು ನೀರಾಗೇ ಇರೋದು ಹೇಗೆ ಸಾಧ್ಯ?

ನೀರು ಐಸ್ ಆಗೋಕೆ ಮೊದಲ ಹರಳು ಕಟ್ಟೋಕೆ ಏನಾದ್ರೂ ಒಂದು ಆಸರೆ ಬೇಕು, ಧೂಳಿನ ಕಣ, ಕೆಲವು ಬ್ಯಾಕ್ಟೀರಿಯಾ, ತಿಂದ ಆಹಾರದ ಚೂರು ಹೀಗೆ ಏನೋ ಒಂದು. ಅದಿಲ್ಲ ಅಂದ್ರೆ ತುಂಬಾ ಸಣ್ಣ ಶುದ್ಧ ಹನಿ ಮೈನಸ್ 38 ಡಿಗ್ರಿ ಆಸುಪಾಸಿನವರೆಗೂ ದ್ರವವಾಗೇ ಇರಬಲ್ಲದು. ಅದಕ್ಕೇ ಐಸ್ ತಪ್ಪಿಸೋ ಎಷ್ಟೋ ಹುಳಗಳು ಚಳಿಗೆ ಮುಂಚೆ ತಿನ್ನೋದು ನಿಲ್ಲಿಸಿ ಕರುಳು ಖಾಲಿ ಮಾಡ್ಕೊಳ್ತವೆ. ಆಮೇಲೆ ಗ್ಲಿಸರಾಲ್ ಸೇರಿಸ್ಕೊಳ್ತವೆ, ಅದರಿಂದ ಮೈ ರಸ ಹೆಪ್ಪುಗಟ್ಟೋ ಟೆಂಪರೇಚರ್ ಇನ್ನೂ ಕೆಳಗೆ ಇಳಿಯತ್ತೆ. ಅದರ ಮೇಲೆ ಆಂಟಿಫ್ರೀಜ್ ಪ್ರೋಟೀನ್ ಬೇರೆ, ಅದು ಪುಟಾಣಿ ಐಸ್ ಹರಳಿಗೆ ಅಂಟ್ಕೊಂಡು ಮುಂದೆ ಬೆಳೆಯೋಕೆ ಬಿಡಲ್ಲ. ಕೆನಡಾದ ಆರ್. ಡಬ್ಲ್ಯೂ. ಸಾಲ್ಟ್ 1959ರಲ್ಲಿ ವರದಿ ಮಾಡಿದ ಬ್ರಾಕನ್ ಸೆಫೈ ಅನ್ನೋ ಪರಾವಲಂಬಿ ಕಣಜದ ಮರಿ ಗ್ಲಿಸರಾಲ್ ತುಂಬ್ಕೊಂಡು ಮೈನಸ್ 47ರವರೆಗೆ ಐಸ್ ಆಗದೇ ಇತ್ತು.

ಐಸ್ ಒಪ್ಕೊಳ್ಳೋ ಹುಳಗಳದ್ದು ತದ್ವಿರುದ್ಧ. ಅವುಗಳಲ್ಲಿ ಹಲವು ರಕ್ತದಲ್ಲಿ ಐಸ್ ಶುರುಮಾಡೋ ಪ್ರೋಟೀನನ್ನ ತಾವಾಗೇ ಇಟ್ಕೊಂಡಿರ್ತವೆ, ಸುಮಾರು ಮೈನಸ್ 5ರಿಂದ 10 ಡಿಗ್ರೀಲೇ, ಅಂದ್ರೆ ಬೇಗನೇ, ನಿಧಾನಕ್ಕೆ ಐಸ್ ಶುರುವಾಗ್ಲಿ ಅಂತ. ತುಂಬಾ ಕೆಳಗೆ ಹೋದ್ಮೇಲೆ ದಿಢೀರ್ ಅಂತ ಹೆಪ್ಪುಗಟ್ಟಿದ್ರೆ ಸೆಲ್‌ಗೆ ಹೊಂದ್ಕೊಳ್ಳೋಕೆ ಟೈಮೇ ಸಿಗಲ್ಲ. ಅಲಾಸ್ಕಾದ ಉಪಿಸ್ ಅನ್ನೋ ಕಪ್ಪು ಜೀರುಂಡೆ ಹೀಗೆ ಹೆಪ್ಪುಗಟ್ಟಿ ಮೈನಸ್ 60 ಡಿಗ್ರೀನೂ ತಡ್ಕೊಳತ್ತೆ, ಅದರಲ್ಲಿ ಪ್ರೋಟೀನ್ ಅಲ್ಲದ ಝೈಲೋಮನ್ನಾನ್ ಅನ್ನೋ ಹೊಸ ಥರದ ಆಂಟಿಫ್ರೀಜ್ 2009ರಲ್ಲಿ ಸಿಕ್ತು. ನ್ಯೂಜಿಲೆಂಡಿನ ಬೆಟ್ಟದ ವೇಟಾ ಅನ್ನೋ ಹುಳ, ನಮ್ಮ ಮಿಡತೆ ಚಿಮ್ಮಂಡೆಗಳ ಕಡೆ ಸಂಬಂಧ, ಮೈ ನೀರಲ್ಲಿ 82 ಪರ್ಸೆಂಟ್‌ವರೆಗೂ ಐಸ್ ಆದ್ರೂ ಬದುಕತ್ತೆ.

ಎಲ್ಲಾ ಕಡೆ ಹಿಮ ಇದ್ದಾಗ ನೀರಿಗೇನು ಬರ? ಒಣಗೋದು ಯಾಕೆ?

ಇದನ್ನ ಕೇಳಿದವರಿಗೆಲ್ಲ ನಾನು ಜಾಸ್ತಿ ಹೊತ್ತು ಉತ್ತರ ಹೇಳ್ತೀನಿ, ಯಾಕಂದ್ರೆ ಇಡೀ ವಿಷಯದ ಬೇರು ಇಲ್ಲೇ ಇದೆ.

ಹಿಮ ನೀರೇ ಆದ್ರೂ ಕುಡಿಯೋಕಾಗಲ್ಲ. ಚಳಿಗಾಳೀಲಿ ತೇವ ತೀರಾ ಕಮ್ಮಿ. ಹುಳ ಆರೇಳು ತಿಂಗಳು ಏನೂ ತಿನ್ನದೇ ಕುಡಿಯದೇ ಇರ್ಬೇಕು, ಅದರ ಮೈ ಪುಟ್ಟದು, ಮೈ ಚಿಕ್ಕದಾದಷ್ಟೂ ಒಳಗಿರೋ ನೀರಿಗೆ ಹೋಲಿಸಿದ್ರೆ ಹೊರಮೈ ಜಾಸ್ತಿ, ಅಂದ್ರೆ ಆವಿ ಆಗೋಕೆ ಜಾಗ ಜಾಸ್ತಿ. ಇದರ ಜೊತೆ ಇನ್ನೊಂದು ಸೂಕ್ಷ್ಮ ಇದೆ. ಒಂದೇ ಟೆಂಪರೇಚರಲ್ಲಿ ಐಸ್‌ನಿಂದ ಏಳೋ ಆವಿಯ ಒತ್ತಡಕ್ಕಿಂತ ಐಸ್ ಆಗದೇ ಉಳಿದ ನೀರಿಂದ ಏಳೋ ಆವಿಯ ಒತ್ತಡ ಜಾಸ್ತಿ. ಹಾಗಾಗಿ ಸುತ್ತ ಐಸ್, ಒಳಗೆ ದ್ರವ ಇಟ್ಕೊಂಡ ಹುಳದ ನೀರು ಸಣ್ಣಗೆ ಹೊರಗಿನ ಐಸ್ ಕಡೆ ಹೋಗ್ತಾನೇ ಇರತ್ತೆ. ಹೆಪ್ಪುಗಟ್ಟಿದ ಹುಳಕ್ಕೆ ಈ ನಷ್ಟ ಕಮ್ಮಿ, ಒಳಗೂ ಐಸ್ ಹೊರಗೂ ಐಸ್, ಲೆಕ್ಕ ಸಮ. ಹೆಪ್ಪುಗಟ್ಟೋದರಿಂದ ನೀರೂ ಉಳಿಯತ್ತೆ ಅನ್ನೋದು ನನಗೆ ಈ ವಿಷಯದಲ್ಲೇ ಅತಿ ಸುಂದರವಾದ ಸಂಗತಿ ಅನ್ಸತ್ತೆ.

ನೀರು ಹೋಗದ ಹಾಗೆ ಹುಳ ಏನೇನು ಮಾಡ್ಕೊಂಡಿದೆ?

ಮೊದಲನೇದು ಮೇಣ. ಹುಳದ ಹೊರಚಿಪ್ಪಿನ ಮೇಲೆ ಹೈಡ್ರೋಕಾರ್ಬನ್‌ಗಳ ತೀರಾ ತೆಳ್ಳನೆ ಪದರ ಇರತ್ತೆ, ಅದನ್ನ ಉಜ್ಜಿ ತೆಗೆದ್ರೆ ಹುಳ ಬೇಗ ಒಣಗಿ ಸಾಯತ್ತೆ. ಮೇಲೆ ಹೇಳಿದ ಯೂರೋಸ್ಟಾ ಮರಿಗೆ ಈ ಮೇಣ ಎಷ್ಟು ಚೆನ್ನಾಗಿದೆ ಅಂದ್ರೆ ಮರುಭೂಮಿ ಹುಳಗಳ ಸಾಲಿಗೆ ಸೇರಿಸೋ ಅಷ್ಟು ಕಮ್ಮಿ ನೀರು ಕಳ್ಕೊಳತ್ತೆ. ಎರಡನೇದು ಉಸಿರಾಟದ ತೂತುಗಳು, ಬೇಡದ ಹೊತ್ತಲ್ಲಿ ಮುಚ್ಕೊಂಡಿರ್ತವೆ. ಮೂರನೇದು ನಮ್ಮ ಥರ ಮೂತ್ರಕ್ಕೆ ನೀರು ಸುರಿಯಲ್ಲ, ಕಸ ಎಲ್ಲಾ ಯೂರಿಕ್ ಆಸಿಡ್ ಆಗಿ ಗಟ್ಟಿಯಾಗಿ ಹೊರಗೆ ಹೋಗತ್ತೆ.

ಪೆಟ್ ಶಾಪಲ್ಲಿ ಹಕ್ಕಿ, ಮೀನಿಗೆ ಅಂತ ಮಾರೋ ಮೀಲ್‌ವರ್ಮ್ ಇದ್ಯಲ್ಲ, ಒಣ ಹಿಟ್ಟಲ್ಲೇ ಬೆಳೆಯೋ ಜೀರುಂಡೆ ಮರಿ, ಅದರ ಗುದನಾಳದ ಸುತ್ತ ಒಂದು ವಿಶೇಷ ವ್ಯವಸ್ಥೆ ಇದೆ, ಹಿಕ್ಕೆಯಿಂದ ನೀರನ್ನೆಲ್ಲ ವಾಪಸ್ ಹೀರ್ಕೊಳತ್ತೆ, ಗಾಳೀಲಿ ತೇವ 88 ಪರ್ಸೆಂಟ್ ದಾಟಿದ್ರೆ ಗಾಳಿಯಿಂದಾನೂ ನೀರು ಎಳ್ಕೊಳತ್ತೆ. ಜೆ. ಎ. ರ‍್ಯಾಮ್ಸೆ 1964ರಲ್ಲಿ ಆ ಜಾಗದ ರಸ ಪರೀಕ್ಷೆ ಮಾಡ್ತಾ ಇದ್ದಾಗ ಅದು ಲೆಕ್ಕದ ಪ್ರಕಾರ ಹೆಪ್ಪುಗಟ್ಟಬೇಕಾದ ಟೆಂಪರೇಚರಲ್ಲಿ ಹೆಪ್ಪುಗಟ್ಟಲೇ ಇಲ್ಲ. ಅದು ಆಂಟಿಫ್ರೀಜ್ ಪ್ರೋಟೀನಿನ ಗುಣ ಅಂತ ಆಮೇಲೆ ಗೊತ್ತಾಯ್ತು. ನೀರು ಉಳಿಸೋ ಅಂಗ ನೋಡೋಕೆ ಹೋದವರಿಗೆ ಚಳಿ ತಡೆಯೋ ಪ್ರೋಟೀನಿನ ಸುಳಿವು ಸಿಕ್ಕಿದ್ದು.

ನೀರು ಕಳ್ಕೊಂಡೇ ಚಳಿ ಗೆಲ್ಲೋ ಹುಳ ಇದೆಯಂತೆ, ನಿಜಾನಾ?

ನಿಜ. ಅಂಟಾರ್ಕ್ಟಿಕಾದಲ್ಲಿ ಮಾತ್ರ ಇರೋ ಏಕೈಕ ಕೀಟ ಬೆಲ್ಜಿಕಾ ಅಂಟಾರ್ಕ್ಟಿಕಾ. ರೆಕ್ಕೆ ಇಲ್ಲದ ಕಪ್ಪು ನುಸಿ, ಉದ್ದ 2ರಿಂದ 6 ಮಿಲಿಮೀಟರ್ ಅಷ್ಟೇ, ಆದ್ರೂ ಆ ಖಂಡದಲ್ಲಿ ಪೂರ್ತಿ ನೆಲದ ಮೇಲೇ ಜೀವನ ಕಳೆಯೋ ಪ್ರಾಣಿಗಳಲ್ಲಿ ಇದೇ ದೊಡ್ಡದು. ಮರಿ ಎರಡು ವರ್ಷ ಪಾಚಿ, ಒದ್ದೆ ಮಣ್ಣಲ್ಲಿ ಇರತ್ತೆ, ದೊಡ್ಡದಾದ್ಮೇಲೆ ಒಂದೆರಡು ವಾರ ಕೂಡ ಬದುಕಲ್ಲ.

ಇದರ ಮರಿಯ ಚರ್ಮ ನೀರನ್ನ ಸುಲಭವಾಗಿ ಬಿಡತ್ತೆ, ಅದೇ ಅದರ ಉಪಾಯ. ಸುತ್ತ ಮಣ್ಣು ಐಸ್ ಆಗ್ತಾ ಬಂದ ಹಾಗೆ ಮರಿಯ ನೀರು ಹೊರಗಿನ ಐಸ್‌ಗೆ ಹೋಗತ್ತೆ, ಒಳಗಿನ ರಸ ಗಟ್ಟಿಯಾಗತ್ತೆ, ಗಟ್ಟಿಯಾದಷ್ಟೂ ಅದು ಹೆಪ್ಪುಗಟ್ಟೋ ಟೆಂಪರೇಚರ್ ಕೆಳಗೆ ಇಳಿಯತ್ತೆ, ಕೊನೆಗೆ ಒಳಗೆ ಐಸ್ ಆಗೋಕೆ ಬೇಕಾದಷ್ಟು ನೀರೇ ಇರಲ್ಲ. ಮೈ ನೀರಲ್ಲಿ 70 ಪರ್ಸೆಂಟ್ ಹೋದ್ರೂ ಬದುಕಿ ಉಳಿಯತ್ತೆ, ಒಣದ್ರಾಕ್ಷಿ ಹಾಗೆ ಸುಕ್ಕಾಗಿರೋ ಮರಿ ಬೇಸಿಗೇಲಿ ನೀರು ಸಿಕ್ಕಿದ್ರೆ ಮತ್ತೆ ತುಂಬ್ಕೊಳತ್ತೆ. ಹೆಪ್ಪುಗಟ್ಟಿಯೂ ಬದುಕಬಲ್ಲದು, ಎರಡೂ ಗೊತ್ತು ಅದಕ್ಕೆ. 2014ರಲ್ಲಿ ಇದರ ಜೀನೋಮ್, ಅಂದ್ರೆ ಪೂರ್ತಿ ಡಿಎನ್‌ಎ ಬರಹ, ಓದಿದಾಗ ಅದು 9.9 ಕೋಟಿ ಅಕ್ಷರಗಳಷ್ಟು ಮಾತ್ರ ಇತ್ತು, ಅಲ್ಲಿವರೆಗೆ ಓದಿದ್ದ ಕೀಟಗಳಲ್ಲೇ ಅತಿ ಚಿಕ್ಕದು.

ಅಲಾಸ್ಕಾದ ಕುಕುಜಸ್ ಅನ್ನೋ ಕೆಂಪು ಚಪ್ಪಟೆ ಜೀರುಂಡೆಯ ಮರಿ ಇನ್ನೂ ಒಂದು ಹೆಜ್ಜೆ ಮುಂದೆ. ಅದು ನೀರು ಕಮ್ಮಿ ಮಾಡ್ಕೊಂಡು, ಗ್ಲಿಸರಾಲ್, ಆಂಟಿಫ್ರೀಜ್ ಪ್ರೋಟೀನ್ ಎರಡೂ ತುಂಬ್ಕೊಂಡು, ಒಳಗಿನ ರಸ ಹರಳು ಕಟ್ಟದೇನೇ ಗಾಜಿನ ಹಾಗೆ ಗಟ್ಟಿ ಆಗೋವರೆಗೂ ತಣ್ಣಗಾಗಬಲ್ಲದು. ಪ್ರಯೋಗದಲ್ಲಿ ಕೆಲವು ಮರಿಗಳು ಮೈನಸ್ 100 ಡಿಗ್ರೀನೂ ದಾಟಿ ಬದುಕಿದ್ದು 2010ರಲ್ಲಿ ಪ್ರಕಟ ಆಯ್ತು.

ಪೂರ್ತಿ ಒಣಗಿದ್ರೂ ಬದುಕೋದು?

ಇದೆ, ಆದ್ರೆ ಅದು ಬಿಸಿ ದೇಶದ್ದು. ನೈಜೀರಿಯಾ, ಉಗಾಂಡಾ ಕಡೆ ಬಂಡೆ ಮೇಲಿನ ಮಳೆನೀರಿನ ಗುಂಡಿಯಲ್ಲಿ ಇರೋ ಪಾಲಿಪೆಡಿಲಮ್ ನುಸಿಯ ಮರಿ ಮೈ ನೀರನ್ನ 97 ಪರ್ಸೆಂಟ್ ಕಳ್ಕೊಂಡು, ಆ ಜಾಗಕ್ಕೆ ಟ್ರೆಹಲೋಸ್ ಅನ್ನೋ ಸಕ್ಕರೆ ತುಂಬ್ಕೊಂಡು ವರ್ಷಗಟ್ಟಲೆ ಬಿದ್ದಿರತ್ತೆ. ಒಣಗಿದ ಸ್ಥಿತೀಲಿ ಮೈನಸ್ 270 ಡಿಗ್ರೀನೂ ಅದಕ್ಕೆ ಏನೂ ಮಾಡಲ್ಲ. ಹಿಮಾನೇ ಕಾಣದ ಹುಳ ಅಷ್ಟು ಚಳಿ ತಡ್ಕೊಳ್ಳೋದು ಒಣಗೋದನ್ನ ಕಲ್ತಿದ್ದಕ್ಕೇ.

ದಿಢೀರ್ ಅಂತ ಚಳಿ ಬಂದ್ರೆ ಇದೆಲ್ಲ ಮಾಡ್ಕೊಳ್ಳೋಕೆ ಟೈಮ್ ಎಲ್ಲಿರತ್ತೆ?

ಗ್ಲಿಸರಾಲ್ ಕೂಡಿಡೋಕೆ ವಾರಗಳೇ ಬೇಕು. ಆದ್ರೆ 1987ರಲ್ಲಿ ರಿಚರ್ಡ್ ಲೀ, ಡೇವಿಡ್ ಡೆನ್ಲಿಂಗರ್ ಮತ್ತು ಜೊತೆಯವರು ಮಾಂಸದ ನೊಣದಲ್ಲಿ ತೋರಿಸಿದ್ದು ಏನಂದ್ರೆ, ನೇರ ಮೈನಸ್ 10ಕ್ಕೆ ಹಾಕಿದ್ರೆ ಸಾಯೋ ನೊಣ, ಮೊದಲು ಸ್ವಲ್ಪ ಹೊತ್ತು ಸೊನ್ನೆ ಡಿಗ್ರೀಲಿ ಇದ್ದು ಆಮೇಲೆ ಹೋದ್ರೆ ಬದುಕತ್ತೆ. ನಿಮಿಷ, ಗಂಟೆಗಳ ಲೆಕ್ಕದಲ್ಲಿ ಮೈ ಸಿದ್ಧ ಆಗತ್ತೆ. ಸಂಜೆ ಆಗ್ತಾ ಚಳಿ ಏರೋ ಊರಲ್ಲಿ ಇದು ದಿನಾ ಕೆಲಸಕ್ಕೆ ಬರತ್ತೆ.

ಹಿಮದ ಮೇಲೆ ನಡೆಯೋ ಕಿಯೋನಿಯಾ ಅನ್ನೋ ರೆಕ್ಕೆ ಇಲ್ಲದ ನೊಣದ ಉಪಾಯ ಕಠಿಣವಾದ್ದು. ಕಾಲಲ್ಲಿ ಐಸ್ ಶುರುವಾಯ್ತು ಅಂದ್ರೆ ಅದು ಮೈಗೆ ಹರಡೋಕೆ ಮುಂಚೆ ಆ ಕಾಲನ್ನೇ ಕಳಚಿ ಬಿಸಾಕಿ ನಡ್ಕೊಂಡು ಹೋಗತ್ತೆ, ಇದು ಪ್ರಕಟ ಆಗಿದ್ದು 2023ರಲ್ಲಿ.

ಚಳಿ ಹುಳಕ್ಕೆ ಬಿಸಿ ಆದ್ರೆ?

ಕೆಲವಕ್ಕೆ ತೀರಾ ಕಷ್ಟ. ಉತ್ತರ ಅಮೆರಿಕದ ಬೆಟ್ಟಗಳಲ್ಲಿ ಐಸ್ ಪಕ್ಕದಲ್ಲೇ ಓಡಾಡೋ ಗ್ರಿಲ್ಲೋಬ್ಲಾಟಾ ಅನ್ನೋ ಹುಳಾನ ಅಂಗೈಲಿ ಹಿಡ್ಕೊಂಡ್ರೆ ನಮ್ಮ ಕೈ ಬಿಸಿಗೇ ಸಾಯಬಹುದು. ಬಿಸಿಗೆ ಪ್ರೋಟೀನ್‌ಗಳ ಆಕಾರ ಕೆಡತ್ತೆ, ಅದನ್ನ ಸರಿ ಮಾಡೋಕೆ ಹೀಟ್ ಶಾಕ್ ಪ್ರೋಟೀನ್ ಅನ್ನೋ ಗುಂಪಿದೆ. ಇಟಲಿಯ ಫೆರುಚ್ಚೋ ರಿಟೋಸಾ 1962ರಲ್ಲಿ ಹಣ್ಣಿನ ನೊಣದ ಕ್ರೋಮೋಸೋಮ್ ಬಿಸಿಗೆ ಕೆಲವು ಕಡೆ ಉಬ್ಬೋದನ್ನ ಪ್ರಕಟ ಮಾಡಿದ್ದೇ ಇದಕ್ಕೆ ನಾಂದಿ. ಸಾಮಾನ್ಯವಾಗಿ ಹುಳಗಳು ಇವನ್ನ ತೊಂದ್ರೆ ಬಂದಾಗ ಮಾತ್ರ ಜಾಸ್ತಿ ಮಾಡ್ಕೊಳ್ತವೆ, ಬೆಲ್ಜಿಕಾ ಮರಿ ಮಾತ್ರ ಯಾವಾಗಲೂ ಚಾಲೂ ಇಟ್ಕೊಂಡಿರತ್ತೆ, ಚಳಿಗೆ, ಬಿಸಿಗೆ, ಒಣಗೋದಕ್ಕೆ ಎಲ್ಲಕ್ಕೂ ಅದೇ ಕೆಲಸಕ್ಕೆ ಬರತ್ತೆ.

ರವೇಲಿ ಹುಳ ಬಂದಿದೆ, ಫ್ರಿಜ್ಜಲ್ಲಿ ಇಟ್ರೆ ಸಾಯತ್ತಾ?

ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 4, 5 ಡಿಗ್ರಿ ಇರತ್ತೆ, ಅಲ್ಲಿ ಬೆಳೆಯೋದು ನಿಲ್ಲತ್ತೆ, ಬೇಗ ಸಾಯಲ್ಲ. ಫ್ರೀಜರಲ್ಲಿ ಮೈನಸ್ 18 ಡಿಗ್ರೀಲಿ ಕಡೇಪಕ್ಷ 4 ದಿನ ಇಡಿ, ಮೊಟ್ಟೆ ಸಮೇತ ಹೋಗತ್ತೆ. ದೊಡ್ಡ ಮೂಟೆ ಇಟ್ರೆ ನಡುಭಾಗ ತಣ್ಣಗಾಗೋಕೆ ತುಂಬಾ ಹೊತ್ತು ಹಿಡಿಯತ್ತೆ, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ. ಹೊರಗೆ ತೆಗೆದ ತಕ್ಷಣ ಬಿಚ್ಬೇಡಿ, ರೂಮಿನ ಬಿಸಿಗೆ ಬಂದ್ಮೇಲೆ ಬಿಚ್ಚಿ, ಇಲ್ಲಾಂದ್ರೆ ತೇವ ಕೂತು ರವೆ ಕೆಡತ್ತೆ. ಅಷ್ಟು ಒಣ ರವೇಲಿ ಹುಳಕ್ಕೆ ನೀರು ಎಲ್ಲಿಂದ ಅಂತಾನೂ ಕೇಳ್ತಾರೆ, ಹಿಟ್ಟು, ಕೊಬ್ಬು ಮೈಯಲ್ಲಿ ಉರಿದಾಗ ಹುಟ್ಟೋ ನೀರೂ ಅದಕ್ಕೆ ಸಿಗತ್ತೆ.

ನಮ್ಮ ಕಡೆ ಇದಕ್ಕೆ ಸಂಬಂಧಪಟ್ಟದ್ದು ಏನಾದ್ರೂ ಇದ್ಯಾ?

ರೇಷ್ಮೆ. ರಾಮನಗರ, ಶಿಡ್ಲಘಟ್ಟ ಕಡೆ ಬೈವೋಲ್ಟೈನ್ (ವರ್ಷಕ್ಕೆ ಎರಡೇ ಪೀಳಿಗೆ ಆಗೋ ರೇಷ್ಮೆ ತಳಿ) ಬೆಳೆಯೋ ರೈತರಿಗೆ ಇದು ಗೊತ್ತಿರೋ ವಿಷಯ. ನಮ್ಮ ಹಳೇ ಮೈಸೂರು ತಳಿಯ ಮೊಟ್ಟೆ ವರ್ಷ ಪೂರ್ತಿ ಹತ್ತು ಹನ್ನೆರಡು ದಿನಕ್ಕೆ ಒಡೆಯತ್ತೆ, ಚಳಿ ದೇಶದಿಂದ ಬಂದ ಬೈವೋಲ್ಟೈನ್ ಮೊಟ್ಟೆ ಹಾಗಲ್ಲ, ಚಳಿಗಾಲ ಬರತ್ತೆ ಅಂತ ನಂಬ್ಕೊಂಡು ನಿದ್ದೆಗೆ ಹೋಗತ್ತೆ. ರೇಷ್ಮೆ ಮೊಟ್ಟೆ ತಯಾರಿಸಿ ಕೊಡೋ ಬಿತ್ತನೆ ಕೋಠಿಯವರು ಅದನ್ನ ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು ಚಳಿಗಾಲ ಕಳೆಸ್ತಾರೆ, ಇಲ್ಲಾ ಮೊಟ್ಟೆ ಇಟ್ಟ ಒಂದು ದಿನದ ಆಸುಪಾಸಲ್ಲಿ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅದ್ದಿ ನಿದ್ದೆ ಹತ್ತದ ಹಾಗೆ ಮಾಡ್ತಾರೆ. ನಿದ್ದೆ ಹೋದ ಮೊಟ್ಟೇಲಿ ಗ್ಲೈಕೋಜನ್ (ಕೂಡಿಟ್ಟ ಪಿಷ್ಟದಂಥ ಆಹಾರ) ಎಲ್ಲಾ ಸಾರ್ಬಿಟಾಲ್, ಗ್ಲಿಸರಾಲ್ ಆಗತ್ತೆ ಅಂತ 1957ರಲ್ಲಿ ತೋರಿಸಿದ್ದು ಜಪಾನಿನ ಹರುವೊ ಚಿನೊ. ಗೋಲ್ಡನ್‌ರಾಡ್ ಗಂಟಿನ ಮರಿ ಮಾಡೋ ಕೆಲಸಾನೇ ಇಲ್ಲಿ ಸಾಸಿವೆಗಿಂತ ಚಿಕ್ಕ ಮೊಟ್ಟೆ ಮಾಡ್ತಾ ಇರತ್ತೆ.

ಭೂಮಿ ಬಿಸಿ ಆದ್ರೆ ಈ ಹುಳಗಳಿಗೆ ಒಳ್ಳೇದೇ ಅಲ್ವಾ?

ಅಲ್ಲ, ಇದರ ಬಗ್ಗೆ ನನಗೆ ನಿಜವಾಗ್ಲೂ ಆತಂಕ ಇದೆ. ದಪ್ಪ ಹಿಮದ ಕೆಳಗೆ ನೆಲ ಸೊನ್ನೆ ಡಿಗ್ರಿ ಹತ್ತಿರವೇ ಇರತ್ತೆ, ಹೊರಗೆ ಮೈನಸ್ 30 ಇದ್ರೂ ಕೂಡ. ಹಿಮ ಕಮ್ಮಿ ಆದ್ರೆ ಆ ಹೊದಿಕೆ ಹೋಗಿ ನೆಲ ಇನ್ನೂ ತಣ್ಣಗಾಗತ್ತೆ, ಹುಳ ತಯಾರಾಗಿರದ ಚಳಿ ತಗಲತ್ತೆ. ಕರಗೋದು ಹೆಪ್ಪುಗಟ್ಟೋದು ಪದೇ ಪದೇ ಆದ್ರೆ ಪ್ರತಿ ಸಲವೂ ಶಕ್ತಿ ಖರ್ಚು. ಇನ್ನು ಚಳಿಗಾಲವೇ ಬೆಚ್ಚಗಾದ್ರೆ ಮಲಗಿರೋ ಹುಳದ ಮೈ ಜೋರಾಗಿ ಕೆಲಸ ಮಾಡತ್ತೆ, ವಸಂತದವರೆಗೆ ಬೇಕಾದ ಕೊಬ್ಬು ಅರ್ಧದಲ್ಲೇ ಮುಗಿಯತ್ತೆ, ನೀರಿನ ನಷ್ಟವೂ ಏರತ್ತೆ. ಆರ್ಕ್ಟಿಕ್‌ನ ಗೈನೆಫೋರಾ ಕಂಬಳಿಹುಳ ವರ್ಷಕ್ಕೆ ಕೆಲವೇ ವಾರ ತಿಂದು, ಉಳಿದ ಕಾಲ ಹೆಪ್ಪುಗಟ್ಟಿ ಮಲಗಿ, ಏಳು ವರ್ಷ ತಗೊಂಡು ಪತಂಗ ಆಗತ್ತೆ. ಅಷ್ಟು ನಿಧಾನದ ಬದುಕಿಗೆ ಕಾಲ ಇಷ್ಟು ಬೇಗ ಬದಲಾದ್ರೆ ಹೊಂದ್ಕೊಳ್ಳೋಕೆ ಎಲ್ಲಿ ಅವಕಾಶ ಇರತ್ತೆ?

ಹಿಮಾಲಯಕ್ಕೆ ಟ್ರೆಕ್ ಹೋಗ್ತಾ ಇದೀವಿ, ಏನು ನೋಡಬಹುದು?

ಬೆಂಗಳೂರಿಂದ ಪ್ರತಿ ವರ್ಷ ಎಷ್ಟೊಂದು ಜನ ಹೋಗ್ತೀರ, ದಯವಿಟ್ಟು ಸ್ವಲ್ಪ ಕೆಳಗೂ ನೋಡ್ಕೊಂಡು ನಡೀರಿ. ನೇಪಾಳದ ಲಾಂಗ್‌ಟಾಂಗ್ ಕಣಿವೆಯ ಯಾಲಾ ಹಿಮನದಿ ಮೇಲೆ ಜಪಾನಿನ ಶಿರೋ ಕೋಶಿಮಾ ಕಂಡ ಡಯಮೀಸಾ ಅನ್ನೋ ನುಸಿ ಮೈನಸ್ 16 ಡಿಗ್ರೀಲೂ ನಡೆದಾಡ್ತಾ ಇತ್ತು, 1984ರಲ್ಲಿ ಅದು ಪ್ರಕಟ ಆಯ್ತು. ಹಿಮದ ಮೇಲೆ ಕಪ್ಪು ಚುಕ್ಕೆ ಥರ ಏನಾದ್ರೂ ಸರಿದಾಡಿದ್ರೆ ನಿಂತು ನೋಡಿ. ಲಡಾಖ್ ಕಡೆ ಬೇಸಿಗೇಲಿ ಅಪೋಲೋ ಚಿಟ್ಟೆಗಳು ಸಿಗ್ತವೆ, ಬಿಳಿ ರೆಕ್ಕೆ ಮೇಲೆ ಕೆಂಪು ಚುಕ್ಕೆ, ಬುಡದ ಕಡೆ ಕಪ್ಪು. ಬೆಳಿಗ್ಗೆ ಬಿಸಿಲಿಗೆ ರೆಕ್ಕೆ ಹರಡ್ಕೊಂಡು ಕಲ್ಲಿನ ಮೇಲೆ ಕೂತಿರ್ತವೆ, ಆ ಕಪ್ಪು ಭಾಗ ಬಿಸಿಲು ಹೀರಿ ಮೈ ಬೆಚ್ಚಗಾದ್ಮೇಲೇ ಹಾರೋಕಾಗೋದು, ಹಾಗಾಗಿ ಆ ಹೊತ್ತಲ್ಲಿ ನಿಮ್ಮ ನೆರಳು ಅದರ ಮೇಲೆ ಬೀಳದ ಹಾಗೆ ನಿಂತ್ಕೊಳ್ಳಿ. ಫೋಟೋ ತೆಗೀರಿ, ಜಾಗ, ಎತ್ತರ, ಟೈಮ್ ಬರ್ಕೊಳ್ಳಿ. ಹಿಮದ ಮೇಲಿನ ಹುಳಾನ ಮಾತ್ರ ಬರಿಗೈಲಿ ಎತ್ಕೋಬೇಡಿ.